ಯಾರೂ ಬಾರದ ಹಾಡು

ನಮ್ಮ ಊರಿನ ಮದುವೆಗಳಲ್ಲಿ ಆರ್ಕೆಸ್ಟ್ರಾದ ಎದುರಿನ ಮೊದಲ ಸಾಲಿನ ಕುರ್ಚಿಗಳನ್ನು ಖಾಲಿ ಬಿಡುತ್ತಾರೆ. ಬೀಗರೇ ಬಂದು ಕೂತರೂ ಎಬ್ಬಿಸಿ ಹಿಂದೆ ಕಳಿಸುತ್ತಾರೆ. ಪರವೂರಿನವರಿಗೆ ಇದು ಅವಮಾನ ಅನ್ನಿಸುವುದುಂಟು. ಹಾಡು ಶುರುವಾದ ಮೇಲೆ ಅವರಿಗೇ ತಿಳಿಯುತ್ತದೆ. ನಾನು ಢೋಲಕ್ ಬಾರಿಸುವವನು, ಹೆಸರು ದಾವಲಸಾಬ. ವೇದಿಕೆಯ ಮೇಲೆ ಕೂತು, ಆ ಸಾಲಿಗೆ ಎಂಥೆಂಥವರು ಬಂದು ಹೋದದ್ದನ್ನು ನೋಡಿದ್ದೇನೆ. ನಮ್ಮೂರಲ್ಲಿ ಹಿಂದಿ ಸಿನೆಮಾದ ಹಾಡೊಂದನ್ನು ನಾವು ಎತ್ತಿಕೊಂಡರೂ ಸರಿ, ಯಾರಾದರೂ ಟೇಪೋ ರೇಡಿಯೋವೋ ಹಚ್ಚಿದರೂ ಸರಿ, ಸಿನೆಮಾದವರು ಆ ಧಾಟಿಯನ್ನು ಯಾರಿಂದ ಎಗರಿಸಿದ್ದಾರೋ ಅವರು ಬರುತ್ತಾರೆ. ಎರಡನೇ ಸಾಲು ಮುಗಿಯುವುದರೊಳಗೆ ಕುರ್ಚಿಯಲ್ಲಿರುತ್ತಾರೆ, ಹಾಡು ಮುಗಿದ ಕೂಡಲೇ ಇರುವುದಿಲ್ಲ.

ಒಮ್ಮೆ ಕೆಂಪು ಟೊಪ್ಪಿಗೆಯ, ಚೊಕ್ಕ ಮೀಸೆಯ ಅರಬರ ಮುದುಕ ಬಂದ. ಒಮ್ಮೆ ಅರ್ಧ ಹೆಣೆದ ಸ್ವೆಟರ್ ಹಿಡಿದ ಬಿಳಿ ಹೆಂಗಸು. ಇನ್ನೊಮ್ಮೆ ಬಂಗಾಲದ ಅಂಬಿಗ. ಅವನ ಕಾಲಿನಿಂದ ಇನ್ನೂ ನೀರು ಇಳಿಯುತ್ತಿತ್ತು, ಜಮಖಾನೆ ಒದ್ದೆಯಾಯಿತೆಂದು ಮದುವೆಯವರು ಗೊಣಗಿದರು. ಒಂದು ಹಾಡಿಗಂತೂ ಪಲ್ಲವಿಗೊಬ್ಬ, ಚರಣಕ್ಕೊಬ್ಬ, ನಡುವಿನ ಕೊಳಲಿಗೆ ಮತ್ತೊಬ್ಬ ಎಂದು ಮೂವರು ಬಂದು, ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡುತ್ತ ಕೂತರು. ಹಾಡು ಐದು ನಿಮಿಷದ್ದಾದ್ದರಿಂದ ಬಂದವರಿಗೆ ಬಿಸಿ ಚಹಾ ಕೊಟ್ಟು ಪ್ರಯೋಜನವಿಲ್ಲ. ಮೊದಲೇ ಆರಿಸಿಟ್ಟು ಬಸಿಯಲ್ಲಿ, ಕಪ್ಪಿನಡಿಯ ತಟ್ಟೆಯಲ್ಲಿ, ಕೊಡುವುದು ನಮ್ಮಲ್ಲಿಯ ಪದ್ಧತಿ. ಸತ್ತವರೂ ಬರುತ್ತಾರೆ. ಅವರು ಚಹಾ ಕುಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಜಗಳ ತೆಗೆದವರನ್ನು ನಾನು ಕಂಡಿಲ್ಲ. ಪರರ ಮನೆಯಂಗಳದಲ್ಲಿ ಯಾರದೋ ಅಂಗಿ ತೊಟ್ಟು ಆಡುತ್ತಿರುವ ತಮ್ಮ ಕೂಸನ್ನು ನೋಡುವ ಹಾಗೆ ಹಾಡನ್ನು ನೋಡುತ್ತ ಕೂತಿರುತ್ತಾರೆ. ಯಾರೂ ಬಾರದ ಹಾಡಾದರೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಅಂಥ ಚಪ್ಪಾಳೆ ಹಿಂದಿ ಸಿನೆಮಾಕ್ಕೆ ನಮ್ಮೂರಲ್ಲಿ ಅಪರೂಪ.

ನಮ್ಮ ಆರ್ಕೆಸ್ಟ್ರಾದ ಯಜಮಾನರು ಶಂಭುಲಿಂಗ ಮಾಸ್ತರು. ಶಾಲೆಯ ಮಾಸ್ತರರಲ್ಲ, ಹಾರ್ಮೋನಿಯಂ ಮಾಸ್ತರರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರ ಹೆಂಡತಿ ಕಸ್ತೂರಿಯನ್ನು ನಾನು ಅತ್ತಿಗೆ ಎಂಬ ಸಲುಗೆಯಲ್ಲಿ ವೈನಿ ಅನ್ನುತ್ತೇನೆ. ಒಂದು ಮದುವೆಗೆ ಮುಂಬಯಿಯಿಂದ ಬಾತ್ರಾ ಎಂಬ ಸಿನೆಮಾ ನಿರ್ಮಾಪಕ ಬಂದಿದ್ದ. ಮಾಸ್ತರರ ಬೆರಳು ಹಾರ್ಮೋನಿಯಂ ಮೇಲೆ ಓಡುವುದನ್ನು ನೋಡಿ, ಊಟದ ಮನೆಯಲ್ಲಿ ಅವರ ಹೆಗಲ ಮೇಲೆ ಕೈ ಹಾಕಿ, ನನ್ನ ಮುಂದಿನ ಸಿನೆಮಾಕ್ಕೆ ಒಂದು ಧಾಟಿ ಮಾಡಿ ಕೊಡಿ ಅಂದ. ಮೊದಲ ಸಾಲಿನಲ್ಲಿ ಬಂದು ಹೋಗುತ್ತಿದ್ದವರನ್ನು ಅವನು ಹೆಣ್ಣಿನ ಕಡೆಯ ನೆಂಟರು ಅಂದುಕೊಂಡಿದ್ದ. ಯಾರೂ ತಿದ್ದಲಿಲ್ಲ.

ಮಾಸ್ತರರಿಗೆ ಆ ದಿನದಿಂದ ಊಟ ಸೇರದಾಯಿತು. ಇಷ್ಟು ವರ್ಷ ಬೇರೆಯವರ ಹಾಡನ್ನು ಬೇರೆಯವರದೆಂದು ಹೇಳಿಯೇ ನುಡಿಸಿದವರು ಅವರು. ಸ್ವಂತದ್ದೆಂದು ಮಾಡಹೊರಟರೆ ಯಾರು ಬಂದು ಬಾಗಿಲಲ್ಲಿ ನಿಲ್ಲುತ್ತಾರೋ ಎಂಬ ಭಯ. ಮೊದಲ ದಿನ ಪಡಸಾಲೆಯಲ್ಲಿ ಕೂತು ಒಂದು ಧಾಟಿ ಎತ್ತಿದರು, ನಾನು ಢೋಲಕ್ ಹಿಡಿದೆ. ಎರಡನೇ ಸಾಲಿಗೇ ಹೊಸ್ತಿಲಲ್ಲಿ ಒಬ್ಬ ದಪ್ಪ ಮನುಷ್ಯ ಕೋಟು ಹಾಕಿಕೊಂಡು ನಿಂತಿದ್ದ.

"ಬರ್ರಿ ಅಣ್ಣಾರ, ಒಳಗ ಬರ್ರಿ" ಅಂತ ವೈನಿ ಅಡುಗೆಮನೆಯಿಂದ ಇಣುಕಿ ಕರೆದರು. "ಇವರದು ಇನ್ನ ದಿನಾ ಇದ್ದದ್ದ. ಅವಲಕ್ಕಿ ತಿಂತೀರಿ?"

ಮರುದಿನ ಧಾಟಿಯ ತಾಳ ಬದಲಿಸಿದರು. ಅದೇ ಮನುಷ್ಯ ಬಂದ, ಈ ಸಲ ಕೋಟು ಇರಲಿಲ್ಲ. ಇನ್ನೊಂದು ಧಾಟಿಗೆ ತಂಜಾವೂರಿನ ಕಡೆಯ ಒಬ್ಬ ಪಂಚೆಯುಟ್ಟ ಹಿರಿಯರು ಬಂದು, ಮಾಸ್ತರು ಎಲ್ಲಿ ತಾಳ ತಪ್ಪುತ್ತಾರೋ ಅಲ್ಲೆಲ್ಲ ತೊಡೆ ತಟ್ಟಿ ತಿದ್ದಿದರು. ಅವರು ಸತ್ತವರು, ಚಹಾ ಮುಟ್ಟಲಿಲ್ಲ. ಮತ್ತೊಂದಕ್ಕೆ ಕುರಿ ಕಾಯುವ ಹುಡುಗಿ ಬಂದಳು. ಎಲ್ಲಿಯವಳೋ, ತಲೆಯ ಮೇಲೆ ಹಿಮ ಇತ್ತು. ವೈನಿ ಅವಳಿಗೆ ತಮ್ಮ ಶಾಲು ಹೊದಿಸಿದರು. ಹಾಡು ಮುಗಿದು ಹುಡುಗಿಯ ಜೊತೆ ಶಾಲೂ ಹೋಯಿತು.

"ಹಿಂಗಾದ್ರ ಮನ್ಯಾಗ ಹೊದಕಿ ಉಳಿಯೂದಿಲ್ರಿ" ಅಂದರು ವೈನಿ. "ಬ್ಯಾರೆ ಏನರ ಮಾಡ್ರಿ."

"ಏನ ಮಾಡ್ಲಿ? ಕೈ ಇಟ್ಟಲ್ಲೆಲ್ಲ ಯಾರರ ಕುಂತಿರ್ತಾರ" ಅಂತ ಮಾಸ್ತರು ತಲೆ ಹಿಡಿದುಕೊಂಡರು. "ಸಪ್ತಸ್ವರದಾಗ ನನಗಂತ ಒಂದ ಚೋಟು ಜಾಗಾ ಇಲ್ಲೇನೋ, ದಾವಲಾ?"

ಬಾತ್ರಾನ ಕಡೆಯಿಂದ ತಂತಿಯ ಮೇಲೆ ತಂತಿ ಬರುತ್ತಿತ್ತು. ಒಂದು ಬೆಳಿಗ್ಗೆ ಮಾಸ್ತರು ಹಲ್ಲುಜ್ಜಿ ಬಂದವರು, ಮುಖವನ್ನೂ ಒರೆಸಿಕೊಳ್ಳದೆ ಹಾರ್ಮೋನಿಯಂ ಎಳೆದುಕೊಂಡರು. ಗೋಡೆಯಾಚೆ ಸದ್ದು ಕೇಳಿ ನಾನು ಹೋದೆ. ಅಂಥ ಧಾಟಿಯನ್ನು ನಾನು ಕೇಳಿರಲಿಲ್ಲ. ಏರುವ ಜಾಗದಲ್ಲಿ ಏರದೆ, ಏನೋ ನೆನಪಾದವರ ಹಾಗೆ ಅರೆಗಳಿಗೆ ನಿಂತು, ಆಮೇಲೆ ಹಗುರಾಗಿ ಇಳಿಯುತ್ತಿತ್ತು. ಎರಡನೇ ಸಾಲು ಮುಗಿಯಿತು. ಹೊಸ್ತಿಲು ಖಾಲಿ. ಚರಣಕ್ಕೆ ಬಂದರು, ಖಾಲಿ. ನಾನು ಎದ್ದು ಅಂಗಳ ನೋಡಿದೆ, ಹಿತ್ತಲು ನೋಡಿದೆ, ನಿಚ್ಚಣಿಕೆ ಹಾಕಿ ಮಾಳಿಗೆಯನ್ನೂ ನೋಡಿ ಬಂದೆ. ಯಾರೂ ಇರಲಿಲ್ಲ.

ವೈನಿ ಒಳಗಿಂದ ಬಸಿ ಹಿಡಿದುಕೊಂಡು ಬಂದರು. "ಯಾರಿಗ್ರಿ ಇವತ್ತ ಚಾ?"

"ಯಾರಿಗೂ ಇಲ್ಲ!" ಅಂತ ಮಾಸ್ತರು ಎದ್ದು ಬಸಿ ಕಸಿದು ತಾವೇ ಕುಡಿದರು. "ಯಾರೂ ಬಂದಿಲ್ಲ ಕಸ್ತೂರಿ, ನಂದ ಇದು! ಪೂರಾ ನಂದ!"

"ಛಲೋ ಆತು ಬಿಡ್ರಿ" ಅಂದು ವೈನಿ, ಒಲೆಯ ಮೇಲೆ ಅನ್ನ ಉಕ್ಕುತ್ತಿದೆ ಎಂದು ಒಳಗೆ ಹೋದರು.

ಹಾಡು ಮುಂಬಯಿಗೆ ಹೋಯಿತು. ದೊಡ್ಡ ಗಾಯಕಿಯೊಬ್ಬಳು ಹಾಡಿದಳು. ಮಾಸ್ತರು ಹೊಸ ಕ್ಯಾಸೆಟ್ಟುಗಳ ಪೆಟ್ಟಿಗೆ ಸಮೇತ ತಿರುಗಿ ಬರುವಷ್ಟರಲ್ಲಿ ನಮ್ಮೂರಿನಲ್ಲಿ ಸನ್ಮಾನ ಸಮಿತಿ ತಯಾರಾಗಿತ್ತು. ಸಿನೆಮಾ ಥಿಯೇಟರಿನ ಅಡಿವೆಪ್ಪ ಶೆಟ್ಟರು ಅದರ ಅಧ್ಯಕ್ಷರು. ಸನ್ಮಾನದ ದಿನದ ತನಕ ಊರಲ್ಲಿ ಒಂದು ಅಂಗಡಿಯಲ್ಲೂ ಆ ಕ್ಯಾಸೆಟ್ ಹಚ್ಚಕೂಡದು, ಮೊದಲ ಸಲ ಹಾಡು ಕೇಳುವುದು ಪುರಭವನದಲ್ಲೇ, ಅದೂ ಮಾಸ್ತರರ ಕೈಯಿಂದಲೇ ಅಂತ ಅವರು ಡಂಗುರ ಸಾರಿಸಿದ್ದರು. ನಾವು ಸಂಜೆ ಸಂಜೆ ಮಾಸ್ತರರ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ತಾಲೀಮು ಮಾಡಿದೆವು. ಯಾರೂ ಬರಲಿಲ್ಲ. ಮಾಸ್ತರರ ನಡಿಗೆಯೇ ಬದಲಾಗಿತ್ತು. ಕಿರಾಣಿ ಅಂಗಡಿಗೆ ಹೋಗುವಾಗಲೂ ಹೆಗಲ ಮೇಲೆ ಶಾಲು ಇದ್ದವರ ಹಾಗೆ ನಡೆಯುತ್ತಿದ್ದರು.

ಸನ್ಮಾನದ ಸಂಜೆ ಭವನ ಕಿಕ್ಕಿರಿದಿತ್ತು. ಬಾತ್ರಾನೂ ಮುಂಬಯಿಯಿಂದ ಬಂದಿದ್ದ. ಕಾರ್ಯಕ್ರಮದ ನಂತರ ಅವನಿಗೂ ಸಮಿತಿಯವರಿಗೂ ಮಾಸ್ತರರ ಮನೆಯಲ್ಲೇ ಊಟ. ಹಾಗಾಗಿ ವೈನಿ ಬಂದಿರಲಿಲ್ಲ, ಹೋಳಿಗೆ ಮಾಡುತ್ತ ಮನೆಯಲ್ಲಿದ್ದರು. "ನಿಮ್ಮ ಹಾಡ ದಿನಾ ಕೇಳೇನಿ, ಮಂದಿಗೆ ಊಟಕ್ಕ ಬ್ಯಾಡೇನು?" ಅಂದಿದ್ದರು. ಮಾಸ್ತರರೂ ಒತ್ತಾಯ ಮಾಡಿರಲಿಲ್ಲ.

ಶೆಟ್ಟರು ವೇದಿಕೆಯ ನಟ್ಟನಡುವೆ ಒಂದೇ ಒಂದು ಕುರ್ಚಿ ಹಾಕಿಸಿದ್ದರು. ಮಖಮಲ್ಲಿನ ಕುರ್ಚಿ. ಮೈಕು ಹಿಡಿದು, "ಬಂಧುಗಳ, ಈ ಕುರ್ಚಿ ಇವತ್ತ ಖಾಲಿ ಉಳೀತೈತಿ" ಅಂದರು. "ಮುಂಬಯಿಯವರು ಊರ ಮಂದಿದೆಲ್ಲ ತಂದ ತಮ್ಮದಂತಾರ. ನಮ್ಮ ಮಾಸ್ತರ ತಮ್ಮದನ್ನ ಒಯ್ದ ಮುಂಬಯಿಗೆ ಕೊಟ್ಟ ಬಂದಾರ!" ಚಪ್ಪಾಳೆ ಬಿದ್ದಿತು. ಮಾಸ್ತರರಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹಾಡು ಶುರುವಾಯಿತು.

ಮೊದಲ ಸಾಲು ಮುಗಿಯಿತು. ಇಡೀ ಭವನ ಕುರ್ಚಿಯನ್ನೇ ನೋಡುತ್ತಿತ್ತು. ಎರಡನೇ ಸಾಲಿನ ಆ ನಿಲ್ಲುವ ಜಾಗ ಬಂದಿತು. ಕುರ್ಚಿಯ ಮೇಲೆ ಧೊಪ್ಪೆಂದು ಕಸ್ತೂರಿ ವೈನಿ ಬಂದು ಬಿದ್ದರು.

ಮಣೆಯ ಮೇಲೆ ಕೂತವರು ಹಾಗೇ ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮೊಣಕೈತನಕ ಹಿಟ್ಟು, ಕೈಯಲ್ಲಿ ಲಟ್ಟಣಿಗೆ. ಜನರನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು, ಗಂಡನ ಕಡೆ ತಿರುಗಿದರು. "ಅಯ್ಯ, ನಾ ಇಲ್ಲಿಗೆ ಹೆಂಗ ಬಂದ್ನಿ?" ಅಂದದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ಮಾಸ್ತರು ಆಗಲೇ ನಿಲ್ಲಿಸಿದ್ದರೆ ವೈನಿ ಮನೆಗೆ ಹೋಗಿಬಿಡುತ್ತಿದ್ದರು. ನಾನು ಢೋಲಕ್ ಮೇಲಿಂದ ಕೈ ಎತ್ತಿ ಸನ್ನೆ ಮಾಡಿದೆ. ಆದರೆ ಅವರ ಬೆರಳು ನಿಲ್ಲಲಿಲ್ಲ. ಮದುವೆಮನೆಯಲ್ಲಿ ಬೆಂಕಿ ಬಿದ್ದರೂ ಚರಣ ಮುಗಿಸಿಯೇ ಏಳುವ ಬೆರಳುಗಳು ಅವು. ಮುಖ ಮಾತ್ರ ಸುಣ್ಣದ ಗೋಡೆಯಾಗಿತ್ತು. ವೈನಿ ಕಿವಿಗೊಟ್ಟು ಕೇಳಿದರು. ಆಮೇಲೆ ಅವರ ತುಟಿ ಅಲುಗಿತು. ಧಾಟಿ ಮುಂದೆ ಎಲ್ಲಿ ತಿರುಗಬೇಕೋ ಅಲ್ಲಿ ಅವರ ತುಟಿ ಮೊದಲೇ ತಿರುಗುತ್ತಿತ್ತು. ಹಾಡು ಮುಗಿಯಿತು, ವೈನಿ ಇರಲಿಲ್ಲ. ಮಖಮಲ್ಲಿನ ಮೇಲೆ ಹಿಟ್ಟು ಉಳಿದಿತ್ತು.

"ವಾಹ್! ಕ್ಯಾ ಎಂಟ್ರಿ ಹೈ!" ಅಂತ ಬಾತ್ರಾ ಒಬ್ಬನೇ ಎದ್ದು ನಿಂತು ಚಪ್ಪಾಳೆ ಹೊಡೆದ.

ನಾನು ಹಾರ್ಮೋನಿಯಂ ಹೊತ್ತುಕೊಂಡು ಮಾಸ್ತರರ ಹಿಂದೆ ಹೋದೆ. ತಾಲೀಮಿನ ದಿನಗಳಲ್ಲೆಲ್ಲ ವೈನಿ ಅದೇ ಮನೆಯಲ್ಲಿದ್ದರು, ಇದ್ದವರು ಮತ್ತೆ ಎಲ್ಲಿಂದ ಬರಬೇಕಿತ್ತು ಎಂದು ದಾರಿಯಲ್ಲಿ ನನಗೆ ಹೊಳೆಯಿತು. ಅಡುಗೆಮನೆಯಲ್ಲಿ ವೈನಿ ಹಂಚಿನ ಮೇಲೆ ಸೀದುಹೋದ ಹೋಳಿಗೆಯನ್ನು ಕೆರೆಯುತ್ತಿದ್ದರು.

"ನನಗ ಖರೇನ ಗೊತ್ತಿರಲಿಲ್ಲ, ಕಸ್ತೂರಿ" ಅಂದರು ಮಾಸ್ತರು, ಬಾಗಿಲಲ್ಲೇ ನಿಂತು.

"ನನಗರ ಎಲ್ಲಿ ಗೊತ್ತಿತ್ತು? ಅಕ್ಕಿ ತೊಳಿಯೂ ಮುಂದ ಬಾಯಾಗ ಏನ ಬರ್ತೈತಿ ಅಂತ ಯಾರ ನೋಡ್ಕೊಂಡ ಕುಂತಿರ್ತಾರ?"

"ಮತ್ತ ಸಿಟ್ಟ ಯಾಕ?"

"ಸಿಟ್ಟಿಲ್ರಿ. ಮಂದಿ ಮುಂದ ಲಟ್ಟಣಿಗಿ ಹಿಡಕೊಂಡ ಕುಂತೆ, ಅದಕ್ಕ ನಾಚಿಕಿ ಆತು. ಆಮ್ಯಾಲ ನಿಮ್ಮ ಹೆಗಲ ಮ್ಯಾಲಿನ ಶಾಲ ನೋಡಿದೆ." ಹಂಚು ಕೆರೆಯುವುದನ್ನು ನಿಲ್ಲಿಸಿದರು. "ನನಗ ಥಂಡಿ ಆತು, ಅಷ್ಟ."

ಮಾಸ್ತರು ಅವಸರದಿಂದ ಶಾಲು ತೆಗೆದು ಚಾಚಿದರು. ವೈನಿ ಅದರಿಂದ ಹಂಚು ಇಳಿಸಿದರು. ಬಾತ್ರಾ ಅವತ್ತು ಸೀದ ಹೋಳಿಗೆಯನ್ನೇ ಹೊಗಳಿ ಹೊಗಳಿ ತಿಂದ. ಇದು ನಿಮ್ಮೂರಿನ ವಿಶೇಷ ಪಾಕವೇ ಎಂದು ಕೇಳಿದ. ಶೆಟ್ಟರು ಹೌದೆಂದರು.

ಆ ಹಾಡು ಓಡಿದ್ದನ್ನು ನೀವು ಕೇಳಬೇಡಿ. ಚಹಾದಂಗಡಿ, ಪಾನಪಟ್ಟಿ ಡಬ್ಬಿ, ಕ್ಷೌರದಂಗಡಿ, ಹಿಟ್ಟಿನ ಗಿರಣಿ, ಎಲ್ಲೆಲ್ಲೂ ಅದೇ. ವೈನಿಯ ಬಾಳು ಬಾಳಾಗಿ ಉಳಿಯಲಿಲ್ಲ. ರೊಟ್ಟಿ ತಟ್ಟುತ್ತ ತಟ್ಟುತ್ತ ಇಲ್ಲವಾಗುತ್ತಿದ್ದರು. ಐದು ನಿಮಿಷ ಬಿಟ್ಟು ಬಂದು, ಸೀದ ರೊಟ್ಟಿಯನ್ನು ಆಕಳಿಗೆ ಹಾಕುತ್ತಿದ್ದರು. ಒಂದೇ ಹೊತ್ತಿಗೆ ಎರಡು ಕಡೆ ಹಚ್ಚಿದರೆ ಮೊದಲು ಹಚ್ಚಿದವರ ಕಡೆಗೆ ಹೋಗುತ್ತಿದ್ದರು. ಕ್ಷೌರದಂಗಡಿಯಲ್ಲಿ ನೊರೆ ಹಚ್ಚಿಕೊಂಡ ಗಂಡಸರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಸಾರಾಯಿ ಅಂಗಡಿಗೆ ಇವರು ಬಂದರೆ ಕುಡುಕರೆಲ್ಲ ಎದ್ದು ನಿಂತು ಕೈ ಮುಗಿಯುತ್ತಿದ್ದರು, ಹಾಡು ಮುಗಿಯುವ ತನಕ ಒಬ್ಬನೂ ಗ್ಲಾಸು ಮುಟ್ಟುತ್ತಿರಲಿಲ್ಲ. ವ್ಯಾಪಾರ ಕೆಟ್ಟಿತೆಂದು ಅಂಗಡಿಯವನು ಟೇಪು ಮಾರಿಬಿಟ್ಟ. ಓಡುತ್ತಿದ್ದ ಬಸ್ಸಿನಲ್ಲಿ ಡ್ರೈವರನ ಪಕ್ಕ ಇಂಜಿನ್ನಿನ ಮೇಲೆ ಹೋಗಿ ಕೂತದ್ದೂ ಆಯಿತು. ಕಂಡಕ್ಟರ್ ಟಿಕೆಟ್ ಕೇಳಿದನಂತೆ.

ಮೊದಮೊದಲು ವೈನಿ ಅಳು ಮುಖ ಮಾಡಿಕೊಂಡೇ ಹೋಗಿ ಬರುತ್ತಿದ್ದರು. ಆಮೇಲೆ ಮುಖ ಬದಲಾಯಿತು. ನನ್ನ ಹೆಂಡತಿ ಖೈರುನ್ನಳಿಗೆ ಹಿತ್ತಲಿನ ಗೋಡೆಯ ಮೇಲಿಂದ ದಿನವೂ ವರದಿ ಬರತೊಡಗಿತು. ಊರಿನ ದೊಡ್ಡ ಮನುಷ್ಯರ ಕ್ಲಬ್ಬೊಂದಿದೆ, ಅಲ್ಲಿಗೆ ಹೆಂಗಸರನ್ನು ಬಿಡುವುದಿಲ್ಲ. ಯಾರೋ ಅಲ್ಲಿ ರೇಡಿಯೋ ಹಚ್ಚಿದ್ದಾರೆ.

"ಒಳಗ ಏನೂ ಇಲ್ಲ ಮಾರಾಯ್ತಿ" ಅಂದರು ವೈನಿ. "ಇಸ್ಪೀಟ ಆಡ್ತಾರ, ಶೇಂಗಾ ತಿಂತಾರ. ಇಷ್ಟಕ್ಕ ಹೊರಗ ಅಷ್ಟ ದೊಡ್ಡ ಬೋರ್ಡ ಹಾಕ್ಯಾರ!"

ಮದುವೆಯಾಗಿ ಬಂದ ಮೇಲೆ ವೈನಿ ಸಂತೆ, ಗುಡಿ, ತವರುಮನೆ ಬಿಟ್ಟು ಬೇರೆ ಜಾಗ ಕಂಡವರಲ್ಲ. ಈಗ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಹೂ ಮುಡಿದು ರೊಟ್ಟಿಗೆ ಕೂರತೊಡಗಿದರು. ಒಂದು ಜೊತೆ ಹೊಸ ಚಪ್ಪಲಿ ಒಲೆಯ ಪಕ್ಕದಲ್ಲೇ ಇರುತ್ತಿತ್ತು.

ಮನೆಯೊಳಗೆ ಮಾತ್ರ ಒಂದು ಸಂಗತಿ ಕೆಟ್ಟಿತು. ವೈನಿ ಗುನುಗುವುದು ನಿಂತುಹೋಯಿತು. ಅಕ್ಕಿ ತೊಳೆದರೆ ನೀರಿನ ಸದ್ದು, ಪಾತ್ರೆ ತಿಕ್ಕಿದರೆ ಪಾತ್ರೆಯ ಸದ್ದು. ಗೋಡೆಯಾಚೆ ನಮಗೇ ಬಿಕೋ ಅನ್ನಿಸುತ್ತಿತ್ತು, ಮಾಸ್ತರರ ಪಾಡು ಕೇಳಬೇಕೆ? ಬಾತ್ರಾ ಎರಡನೇ ಧಾಟಿ ಬೇಕೆಂದು ತಂತಿ ಕಳಿಸುತ್ತಿದ್ದ. ಮಾಸ್ತರು ಹಾರ್ಮೋನಿಯಂ ತೆಗೆದರೆ ಅದೇ ಕೋಟಿನ ದಪ್ಪ ಮನುಷ್ಯ ಬಂದು, ಈಗ ಪರಿಚಯದವನಾದ್ದರಿಂದ ತಾನೇ ಚಾಪೆ ಹಾಸಿಕೊಂಡು ಕೂರುತ್ತಿದ್ದ. ಒಂದು ದಿನ ಮಾಸ್ತರು ಸುಮ್ಮನೆ ಅಡುಗೆಮನೆಯ ಬಾಗಿಲ ಬಳಿ ಪೇಪರ್ ಓದುವ ನೆಪದಲ್ಲಿ ಕೂತರು. ವೈನಿ ಪಾತ್ರೆ ತಿಕ್ಕುತ್ತ ಹೇಳಿದರು: "ಕುಂತ್ರ ಏನೂ ಸಿಗೂದಿಲ್ರಿ. ಬಾಯಿ ಕಾಯಾಕ ಮಂದಿ ಕುಂತಾರ ಅಂತ ಗೊತ್ತಾದ್ರ ಅದು ಬರೂದಿಲ್ಲ."

ಮಾಸ್ತರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿದರು.

ಆ ಹೊತ್ತಿಗೆ ಸಿನೆಮಾ ಬಂದಿತು. ಶೆಟ್ಟರ ಥಿಯೇಟರಿನಲ್ಲಿ ದಿನಕ್ಕೆ ನಾಲ್ಕು ಆಟ, ನಾಲ್ಕರಲ್ಲೂ ವೈನಿ. ಹಿಮದ ಬೆಟ್ಟದಲ್ಲಿ ನಾಯಕಿ ಕುಣಿಯುವುದನ್ನು ಬಿಟ್ಟು ಜನ ಬಾಲ್ಕನಿಯ ಕುರ್ಚಿಯಲ್ಲಿ ಬಂದು ಕೂತ ವೈನಿಯನ್ನು ನೋಡುತ್ತಿದ್ದರು. ಶೆಟ್ಟರು ಸಮಿತಿಯವರನ್ನು ಕರೆದುಕೊಂಡು ಮನೆಗೆ ಬಂದರು. ನಮ್ಮೂರಿನಲ್ಲಿ ಇದಕ್ಕೊಂದು ದಾರಿಯಿದೆ. ಧಾಟಿಯ ಒಡೆಯರು ಬಾಯಿಬಿಟ್ಟು "ಕೊಟ್ಟೆ" ಅಂದರೆ ಆಮೇಲೆ ಅವರು ಬರಬೇಕಾಗಿಲ್ಲ. ಸ್ವೆಟರಿನ ಬಿಳಿ ಹೆಂಗಸು ಹಾಗೆಯೇ ಒಮ್ಮೆ ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿಯ ಗಲ್ಲ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿ ನಕ್ಕಿದ್ದಳು, ಮತ್ತೆ ಆ ಹಾಡಿಗೆ ಬಂದೇ ಇಲ್ಲ.

"ಅಕ್ಕಾರ, ಒಂದ ಮಾತು ಕೊಟ್ಟೆ ಅಂದ ಬಿಡ್ರಿ" ಅಂದರು ಶೆಟ್ಟರು. "ನಿಮಗೂ ಈ ಅಲೆದಾಟ ತಪ್ಪತೈತಿ, ನಮಗೂ ಪಿಚ್ಚರ ಓಡತೈತಿ."

"ಕೇಳಬೇಕಾದವರು ಕೇಳಲಿ, ನೋಡೂಣು" ಅಂದರು ವೈನಿ. "ಅದಿರ್ಲಿ ಶೆಟ್ಟರ, ಆ ಹುಡುಗಿ ಹಿಮದಾಗ ಅಷ್ಟ ಸಣ್ಣ ಬಟ್ಟಿ ಹಾಕೊಂಡ ಯಾಕ ಕುಣಿತಾಳ? ಅದರ ಮೊದಲ ಏನಾಗಿರ್ತೈತಿ? ನನಗ ದಿನಾ ನಡಬರಕ ಬಂದ ನಡಬರಕ ಹೋಗೂದ ಆಗೇತಿ."

ಕೇಳಬೇಕಾದವರು ಪಡಸಾಲೆಯಲ್ಲೇ ಇದ್ದರು. ಆದರೆ ಮಾಸ್ತರರಿಗೆ ಕೇಳುವುದೇ ಗೊತ್ತಿರಲಿಲ್ಲ. ಚಹಾ ಬೇಕಾದರೆ ಕೆಮ್ಮಿದರೆ ಬರುತ್ತಿತ್ತು, ಊಟ ಬೇಕಾದರೆ ಮಣೆಯ ಮೇಲೆ ಕೂತರೆ ಬರುತ್ತಿತ್ತು. ಹೆಂಡತಿಯ ಹತ್ತಿರ ಏನನ್ನಾದರೂ ಬಾಯಿಬಿಟ್ಟು ಕೇಳಿದ ನೆನಪು ಅವರಿಗಿರಲಿಲ್ಲ. ಅದಕ್ಕಿಂತ ಮುಂಬಯಿಗೆ ಹೋಗುವುದೇ ಸುಲಭ ಅನ್ನಿಸಿತು. ಬಾತ್ರಾ ಅಲ್ಲಿಯೇ ಬಂದು ಇರಿ, ಖೋಲಿ ಕೊಡುತ್ತೇನೆ ಎಂದು ಬರೆದಿದ್ದ.

"ಅಲ್ಲಿ ಯಾರದ ಏನ ತಗೊಂಡ್ರೂ ಯಾರೂ ಬಾಗಲಕ್ಕ ಬಂದ ನಿಂದ್ರೂದಿಲ್ಲ ದಾವಲಾ" ಅಂದರು ನನ್ನ ಹತ್ತಿರ, ಟ್ರಂಕಿಗೆ ಅಂಗಿ ತುಂಬುತ್ತ. "ಆ ಕೋಟಿನಾವನ ಮಾರಿ ನೋಡೂದು ತಪ್ಪತೈತಿ."

"ವೈನಿಯವರ ಮಾರಿ?" ಅಂದೆ.

ಅವರು ಅಂಗಿಯನ್ನು ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

ಹೊರಡುವ ಬೆಳಿಗ್ಗೆ ವೈನಿ ಬುತ್ತಿ ಕಟ್ಟಿ ಹೊಸ್ತಿಲ ಮೇಲಿಟ್ಟು ಒಳಗೆ ಹೋದರು. ಹೋಗಿ ಬನ್ನಿ ಅನ್ನಲಿಲ್ಲ, ಹೋಗಬೇಡಿ ಅಂತಲೂ ಅನ್ನಲಿಲ್ಲ. ನಾನು ಟ್ರಂಕು ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಮಾಸ್ತರು ಬೆಂಚಿನ ಮೇಲೆ ಕೂತು ಕೈಗಡಿಯಾರ ನೋಡುತ್ತಿದ್ದರು. ಎದುರಿಗೆ ಚಂದೂ ಎಂಬವನ ಚಹಾದಂಗಡಿ. ಅವನು ಗಿರಾಕಿಗಳ ಸಲುವಾಗಿ ಟೇಪು ಹಚ್ಚಿದ. ಅದೇ ಹಾಡು.

ಎರಡನೇ ಸಾಲಿಗೆ ವೈನಿ ಬೆಂಚಿನ ಮೇಲೆ ಮಾಸ್ತರರ ಪಕ್ಕದಲ್ಲಿದ್ದರು. ಕಣ್ಣು ಕೆಂಪಗಿತ್ತು. ಕೈಯಲ್ಲಿ ಏನೂ ಇರಲಿಲ್ಲ. ಇಬ್ಬರೂ ಎದುರಿನ ಗೋಡೆಯ ಸಿಮೆಂಟ್ ಜಾಹೀರಾತನ್ನು ಓದುವವರ ಹಾಗೆ ಕೂತರು. ಮನೆಯಲ್ಲಾದರೆ ವೈನಿಗೆ ಒಲೆಯಿದೆ, ಮಾಸ್ತರರಿಗೆ ಪೇಪರ್ ಇದೆ. ಇಲ್ಲಿ ಮಾತಾಡದೆ ಬೇರೆ ಕೆಲಸ ಇರಲಿಲ್ಲ.

"ಒಲಿ ಮ್ಯಾಲ ಏನಿಟ್ಟ ಬಂದಿ?" ಅಂದರು ಮಾಸ್ತರು ಕೊನೆಗೆ.

"ಬ್ಯಾಳಿ."

ಚರಣ ಮುಗಿಯುತ್ತ ಬಂದಿತು. ಮಾಸ್ತರು ಗಂಟಲು ಸರಿ ಮಾಡಿಕೊಂಡರು. "ಕಸ್ತೂರಿ, ನಾ ನಿನ್ನ ಒಂದ..." ಅನ್ನುವಷ್ಟರಲ್ಲಿ ಹಾಡು ಮುಗಿದು ವೈನಿ ಹೋಗಿಬಿಟ್ಟರು.

ನಾನು ಚಂದೂನ ಕಡೆ ನೋಡಿದೆ. ಅವನು ಜಾಣ. ಗಿರಾಕಿಯೊಬ್ಬನ ಕೈಗೆ ಚಹಾದ ಸೋಸಣಿಗೆ ಕೊಟ್ಟು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದ. ಕಿರ್‍ರೆಂದು ಸದ್ದಾಗಿ ಹಾಡು ಮತ್ತೆ ಶುರುವಾಯಿತು. ವೈನಿ ಮತ್ತೆ ಬೆಂಚಿನ ಮೇಲಿದ್ದರು.

"ಬ್ಯಾಳಿ ಇಳಿಸಿ ಬಂದೆ" ಅಂದರು. "ಈಗ ಹೇಳ್ರಿ."

"ನಿಂದು ಅಂತ ಗೊತ್ತಾದ ಮ್ಯಾಲೂ ನಾ ಸುಮ್ನ ಕುಂತೆ. ಊರ ಮಂದಿಗೆಲ್ಲ ಗೊತ್ತಾತು, ನನ್ನ ಬಾಯಿಲೆ ಒಂದ ಮಾತ ಬರಲಿಲ್ಲ." ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗತೊಡಗಿದ. ಮಾಸ್ತರು ಅತ್ತ ನೋಡಲಿಲ್ಲ. "ಆ ಹಾಡು... ನಂಗ ಕೊಡ್ತೀಯೇನು, ಕಸ್ತೂರಿ?"

ಚಂದೂ, ನಾನು, ಬಸ್ಸಿನ ಕಿಡಕಿಯಲ್ಲಿದ್ದವರು, ಎಲ್ಲರೂ ಕಿವಿಗೊಟ್ಟು ನಿಂತೆವು. ವೈನಿ ಗಂಡನ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

"ಕೊಡೂದಿಲ್ರಿ" ಅಂದರು.

ಮಾಸ್ತರು ಮಡಿಲಲ್ಲಿದ್ದ ಬುತ್ತಿಯನ್ನು ಬೆಂಚಿನ ಮೇಲಿಟ್ಟರು.

"ಕೇಳಿದ್ರೆಲ್ಲ, ಅಷ್ಟ ಸಾಕು. ಕೊಟ್ಟಬಿಟ್ರ ನಾ ಎಲ್ಲಿಗೆ ಹೋಗ್ಲಿ? ನಾಳಿ ಹೊಳಿ ಆಚೆ ಹೊಸಾ ಕಲ್ಯಾಣ ಮಂಟಪದಾಗ ಮದಿವಿ ಐತಿ, ಗಾಜಿನ ಜೂಮರ ದೀಪ ಇಳಿಬಿಟ್ಟಾರಂತ. ಅದನ್ನ ನೋಡ್ಬೇಕು. ಹಾಡ ನಂದ ಇರ್ಲಿ, ನೀವು ಬಾರಸ್ರಿ. ಬ್ಯಾಡಂದಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಚರಣದ ಕಟ್ಟಕಡಿ ಸಾಲು ನೀವು ಮ್ಯಾಲಕ್ಕ ಎತ್ತೀರಿ. ಅದು ನಂದಲ್ಲ. ಅದು ನನಗಿಂತ ಛಲೋ ಐತಿ" ಅಂದರು.

ಹಾಡು ಮುಗಿಯಿತು. ಬಸ್ಸೂ ಹೋಯಿತು, ಮಾಸ್ತರರಿಲ್ಲದೆ. ನಾನು ಟ್ರಂಕು ತಿರುಗಿ ಹೊತ್ತೆ. ದಾರಿಯುದ್ದಕ್ಕೂ ಮಾಸ್ತರು, "ಕಡಿ ಸಾಲು ನಂದಂತ, ಕೇಳಿದಿಲ್ಲೋ?" ಅಂತ ಅದನ್ನೇ ಹೇಳುತ್ತ ನಡೆದರು.

ಅಂದಿನಿಂದ ಗೋಡೆಯಾಚೆಯ ಮನೆಯಲ್ಲಿ ಸದ್ದು ಶುರುವಾಯಿತು. ಮೊದಲು ಜಗಳದ ಸದ್ದು. ಮಾಸ್ತರು ಹಾರ್ಮೋನಿಯಂ ಅಡುಗೆಮನೆಗೇ ಒಯ್ದಿದ್ದರು, ಒಗ್ಗರಣೆಯ ಹೊಗೆಗೆ ಅದರ ತಿದಿ ಕೆಮ್ಮುತ್ತಿತ್ತು. "ಅಲ್ಲಲ್ಲ, ಹಂಗಲ್ರಿ, ಅಲ್ಲಿ ತುಸು ನಿಂದರ್ರಿ" ಅಂತ ವೈನಿ. "ನಿಂತ್ರ ತಾಳ ಎಲ್ಲಿಗೆ ಹೋಗಬೇಕು?" ಅಂತ ಮಾಸ್ತರು. ನಡುನಡುವೆ ಇಬ್ಬರೂ ನಗುವುದು. ಬಾತ್ರಾನಿಗೆ ಮಾಸ್ತರು ಕಾಗದ ಬರೆದು, ಮುಂದಿನ ಕ್ಯಾಸೆಟ್ಟಿನ ಮೇಲೆ ಎರಡು ಹೆಸರು ಬರಬೇಕು ಅಂದರು. ಅವನು, ಜೋಡಿ ಹೆಸರು ಮುಂಬಯಿಯಲ್ಲಿ ಚೆನ್ನಾಗಿ ಮಾರುತ್ತದೆ, ಆದರೆ ಯಾರದು ಮೊದಲು ತಿಳಿಸಿ ಎಂದು ಉತ್ತರ ಬರೆದ. ಅಲ್ಲಿಗೆ ಹೊಸ ಜಗಳ ಹುಟ್ಟಿತು.

ಒಂದು ಸಂಜೆ ಮಾಸ್ತರು ನಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿದರು. "ದಾವಲಾ, ನಂದೊಂದ ಕೆಲಸ ಮಾಡು. ಹೊಸಾ ಧಾಟಿ ನಿನಗ ಬರ್ತೈತೆಲ್ಲ, ಅದನ್ನ ನೀ ಕದಿ."

"ಏನಂದ್ರಿ?"

"ಕದಿ ಅಂದೆ. ಪೂರಾ ನಂದ ಇದು ಅಂತ ಮನಸಿನ್ಯಾಗ ತಿಳಕೊಂಡ, ನಿಮ್ಮ ಮನ್ಯಾಗ ಕುಂತ ಹಾಡು. ಕಸ್ತೂರಿ ಈ ಧಾಟಿ ನಿಮ್ಮದ ಅಂತಾಳ. ನಾ ಅಕಿದು ಅಂತೇನಿ. ನೀ ಕದ್ರ ಧಾಟಿ ಯಾರದೋ ಅವರ ಬರ್ತಾರ, ಅಕಿ ಬಂದ್ರ ಅಕಿ ಹೆಸರ ಮೊದಲ, ಮುಗೀತು."

ಅವರು ಮನೆಗೆ ಹೋದರು. ಖೈರುನ್ ಕದ ಹಾಕಿ, ಎರಡು ಬಸಿಯಲ್ಲಿ ಚಹಾ ಆರಿಸಿಟ್ಟಳು. "ಎರಡ್ಯಾಕ?" ಅಂದೆ. "ಇರ್ಲಿ" ಅಂದಳು. ನನಗೆ ಹಾಡಲು ಬರುವುದಿಲ್ಲ, ಸಿಳ್ಳು ಬರುತ್ತದೆ. ಗೋಡೆಗೆ ಒರಗಿ ಕೂತು, ನನ್ನಂಥ ಸಂಗೀತಗಾರ ಈ ಸೀಮೆಯಲ್ಲೇ ಹುಟ್ಟಿಲ್ಲ ಎಂದು ಬಲವಂತವಾಗಿ ನಂಬಿಕೊಂಡು ಸಿಳ್ಳು ಹಾಕತೊಡಗಿದೆ. ನಂಬುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಎರಡನೇ ಸಾಲಿಗೆ ನಮ್ಮ ಹಗ್ಗದ ಹೊರಸು ಕಿರುಗುಟ್ಟಿತು. ಮಾಸ್ತರು ಬಂದಿದ್ದರು, ಬನಿಯನ್ನಿನಲ್ಲಿ, ಒಂದು ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು. ಅವರಿಗೆ ಒತ್ತಿಕೊಂಡೇ ವೈನಿ ಕೂತಿದ್ದರು, ಮಡಿಲಲ್ಲಿ ಅಕ್ಕಿಯ ಬುಟ್ಟಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ವರ್ಷ ಸಂಸಾರ ಮಾಡಿದವರು, ಹೊಸದಾಗಿ ಹಸೆಗೆ ಕೂರಿಸಿದವರ ಹಾಗೆ ಮುದುಡಿ ಕೂತರು. ವೈನಿ ಸೆರಗು ಸರಿ ಮಾಡಿಕೊಂಡರು. ಮಾಸ್ತರು ಬಾಳೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಂಡತಿಯ ಕೈಗೆ ಕೊಟ್ಟರು.

ಖೈರುನ್ ಎರಡು ಬಸಿಗಳನ್ನು ತಂದು ಮುಂದಿಟ್ಟಳು.

ನನಗೆ ಉಸಿರು ಕಟ್ಟುತ್ತಿತ್ತು. ಚರಣ ಮುಗಿಯುತ್ತ ಬಂದಿತ್ತು, ಮುಗಿದರೆ ಇಬ್ಬರೂ ಹೋಗಿಬಿಡುತ್ತಾರೆ. ಮಾಸ್ತರು ನನ್ನ ಕಡೆ ತಿರುಗದೆಯೇ, ನಿಲ್ಲಿಸಬೇಡ ಎಂದು ಬೆರಳು ಆಡಿಸಿದರು. ನಾನು ಮತ್ತೆ ಪಲ್ಲವಿಗೆ ಹೋದೆ.